ಉತ್ತರಕ್ಕೆ ತಿರುಗಿದ ಎಡೆ

“ಈಗ ಅಲ್ಲಿ ಗಂಟೆ ಎಷ್ಟಾಗಿರಬಹುದು?”

ಕೇಳಿದ್ದು ಯಾರನ್ನೂ ಅಲ್ಲ. ಕೆಸೆನ್ನುಮಾ ಬಂದರಿನ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಐಸ್ ಕಾರ್ಖಾನೆಯ ಸದ್ದೊಂದೇ ಎದ್ದು ಕೂತಿದೆ. ಹತಕೆಯಾಮಾ ತೊಮೆಕೊ ಸೀಮೆಎಣ್ಣೆಯ ಒಲೆ ಹೊತ್ತಿಸಿ, ತಗ್ಗು ಮೇಜಿನ ಮೇಲಿರುವ ಗ್ಲೋಬನ್ನು ಅಂಗಿಯ ತೋಳಿನಿಂದ ಒರೆಸುತ್ತಾರೆ. ಉತ್ತರವನ್ನೂ ತಾವೇ ಹೇಳಿಕೊಳ್ಳುತ್ತಾರೆ. ಆಫ್ರಿಕಾದ ಪಶ್ಚಿಮದ ನೀರಿನಲ್ಲಿ ನಿನ್ನೆಯೇ ಇನ್ನೂ ಮುಗಿದಿಲ್ಲ, ರಾತ್ರಿಯೂಟದ ಹೊತ್ತು. ಹಡಗು ಇದ್ದಲ್ಲೇ ಇದ್ದರೆ.

ಆ ಕೊನೆಯ ಮಾತನ್ನು ಮಕ್ಕಳ ಮುಂದೆ ಅವರು ಆಡುವುದಿಲ್ಲ.

ಟ್ಯೂನಾ ಮೀನಿನ ಹಿಂದೆ ಹೋಗುವ ದೂರದ ಹಡಗುಗಳು ಈ ಊರು ಬಿಟ್ಟರೆ ಹೆಚ್ಚುಕಡಿಮೆ ವರ್ಷದವರೆಗೆ ತಿರುಗಿ ನೋಡುವುದಿಲ್ಲ. ಅಪ್ಪ ಎಲ್ಲಿ ಎಂದು ಕೇಳುವ ಮಕ್ಕಳಿಗೆ ‘ಕಡಲಲ್ಲಿ’ ಎಂಬುದೇ ಮನೆಗಳಲ್ಲಿ ಸಿಗುವ ಉತ್ತರ. ಅಷ್ಟಕ್ಕೆ ಸಮಾಧಾನವಾಗದ ಮಕ್ಕಳು ಶಾಲೆಗೆ ಮೊದಲು ತೊಮೆಕೊ ಅಜ್ಜಿಯ ಮನೆಗೆ ಬರುತ್ತಾರೆ. ಬಾಗಿಲಿಗೆ ಫಲಕವಿಲ್ಲ. ಹಗಲೆಲ್ಲ ಅಜ್ಜಿಗೆ ಗಾಳದ ದಾರಕ್ಕೆ ಕೊಕ್ಕೆ ಕಟ್ಟುವ ಕೆಲಸ. ಬೆಳಗ್ಗೆ ಗ್ಲೋಬಿನ ಮೇಲೆ ಎಳೆಯುವುದೂ ಅದೇ ದಾರ.

ಅವರ ಗಂಡ ಇಂಥದೇ ಹಡಗಿನಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದರು. ಇಲ್ಲಿಯ ಗೋಡೆ ನಕಾಶೆಗಳಲ್ಲಿ ನಟ್ಟನಡುವೆ ಪೆಸಿಫಿಕ್. ಅಟ್ಲಾಂಟಿಕ್ ಎರಡು ತುಂಡಾಗಿ ಎಡದ ಅಂಚಿಗೊಂದು, ಬಲದ ಅಂಚಿಗೊಂದು. ಅಪ್ಪ ಯಾವ ತುಂಡಿನಲ್ಲಿದ್ದಾರೆ, ಅಂಚು ದಾಟಿದರೆ ಬಿದ್ದುಹೋಗುತ್ತಾರಾ ಎಂದು ಅವರ ಮಗ ಚಿಕ್ಕವನಿದ್ದಾಗ ಕೇಳಿದ್ದ. “ನಂಗೂ ಗೊತ್ತಿರ್ಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ನೆ ಮೂಲಂಗಿ ಹೆಚ್ಚಿದೆ. ರಾಶಿ ಮೂಲಂಗಿ. ಆಮೇಲೆ ಗ್ಲೋಬ್ ತಂದೆ,” ಎನ್ನುತ್ತಾರೆ ತೊಮೆಕೊ. ಆ ಗ್ಲೋಬು ಸುನಾಮಿಯ ದೊಡ್ಡ ಅಲೆ ಬಂದ ವರ್ಷ ಮನೆಯ ಜೊತೆಗೇ ಹೋಯಿತು. ಈಗಿನದು ಮುಚ್ಚಿದ ಶಾಲೆಯೊಂದರದು. ಈಗ ಇಲ್ಲದ ದೇಶಗಳ ಹೆಸರೂ ಅದರ ಮೇಲಿದೆ. ಮಕ್ಕಳು ಚೀಟಿ ಅಂಟಿಸಿ ತಿದ್ದಿದ್ದಾರೆ.

ಪಾಠ ಸ್ವಂತ ಮನೆಯಿಂದ ಶುರುವಾಗುತ್ತದೆ. “ಹದ್ದು ಮೇಲಿಂದ ನೋಡಿದ ಹಾಗೆ ನಿಮ್ಮನೆ ಬರೀರಿ. ಹದ್ದಿಗೆ ನಿಮ್ಮ ಬಾಗ್ಲು ಕಾಣಲ್ಲ, ಮಾಡು ಕಾಣುತ್ತೆ.” ಮನೆಯಿಂದ ಓಣಿ, ಓಣಿಯಿಂದ ಬಂದರು, ಬಂದರಿನಿಂದ ಲೋಕ. ಆಮೇಲೆ ಹಡಗು ತಂಗುವ ಊರುಗಳ ಹೆಸರನ್ನು ಬುದ್ಧನ ಮುಂದೆ ನಾಮ ಹೇಳುವ ಧಾಟಿಯಲ್ಲಿ ಹೇಳಿಸುತ್ತಾರೆ: ಬೆನೋವಾ, ಪೋರ್ಟ್ ಲೂಯಿ, ಕೇಪ್‌ಟೌನ್, ಲಾಸ್ ಪಾಲ್ಮಾಸ್. ಮಕ್ಕಳು ತೂಗುತ್ತ ಹೇಳುತ್ತಾರೆ. ಹೊರಗೆ ನಿಂತು ಕೇಳಿದವರಿಗೆ ಅದು ಪ್ರಾರ್ಥನೆಯೇ. ಅಲ್ಲವೆನ್ನಲು ತೊಮೆಕೊಗೂ ಮನಸ್ಸಿಲ್ಲ.

ಇಲ್ಲಿಯ ಮನೆಗಳಲ್ಲಿ ದೂರ ಹೋದವನ ಪಾಲಿಗೂ ದಿನಾ ಎಡೆ ಬಡಿಸುತ್ತಾರೆ. ಅನ್ನ, ಹುದುಗಿಸಿದ ಸೋಯಾ ಕಾಳಿನ ಮಿಸೊ ಸಾರು, ಒಂದು ತುಂಡು ಮೀನು. ಅವನು ಅಲ್ಲಿ ಹಸಿಯದಿರಲಿ ಎಂದು. ಸಾರಿನ ಬಟ್ಟಲಿನ ಮುಚ್ಚಳ ತೆಗೆದಾಗ ಒಳಗೆ ಹನಿ ಕಟ್ಟಿದ್ದರೆ ಹೋದವನು ಕ್ಷೇಮ. ಇದೇ ಊರಿನ ಒನೊದೆರಾ ಕಿನು ಅಜ್ಜಿಯ ಮನೆಯಲ್ಲಿ ಆ ಎಡೆ ಬಂದರಿಗೆ ಮುಖ ಮಾಡಿಯೇ ಕೂರುತ್ತಿತ್ತು. ಮಗ ಹೊರಟದ್ದು ಆ ದಾರಿಯಲ್ಲಲ್ಲವೇ?

ಕಿನು ಅವರ ಮೊಮ್ಮಗಳು ನಗಿಸಾಗೆ ಒಂಬತ್ತು ವರ್ಷ. ಹೋದ ವಾರ ತೊಮೆಕೊ ಅವಳ ಕೈಗೆ ದಾರ ಕೊಟ್ಟು, ಮನೆಯಿಂದ ಅಪ್ಪನ ಹಡಗಿಗೆ ಎಳೆದು ಬಿಗಿಹಿಡಿ ಎಂದರು. ದಾರ ಕಡಲಿನ ಕಡೆ ಹೋಗಲೇ ಇಲ್ಲ. ಬಿಗಿದಂತೆಲ್ಲ ಮೇಲಕ್ಕೆ ಜಾರಿ, ಸೈಬೀರಿಯಾ ಹತ್ತಿ, ಉತ್ತರದ ಹಿಮಗಡಲನ್ನು ಸವರಿ, ಯುರೋಪಿನ ಮೇಲಿಂದ ಆಫ್ರಿಕಾದ ಪಕ್ಕಕ್ಕೆ ಇಳಿಯಿತು. ಅಂದರೆ ಅಪ್ಪ ಇರುವುದು ಬಂದರಿನ ಕಡೆಯಲ್ಲ, ಮನೆಯ ಬೆನ್ನಿಗಿರುವ ಗುಡ್ಡದ ಕಡೆ.

“ನಿಮ್ಮಪ್ಪ ಗುಡ್ಡದ ಮೇಲೆ ಟ್ಯೂನಾ ಹಿಡೀತಾರೇನೇ?” ಎಂದ ಪಕ್ಕದಲ್ಲಿದ್ದ ಹುಡುಗ.

“ಹ್ಞೂಂ, ನಿಮ್ಮಪ್ಪನ ಜೊತೆ. ಅವರು ಕರಡಿಗೆ ಗಾಳ ಹಾಕಿದ್ರು,” ಎಂದಳು ನಗಿಸಾ.

ಎಲ್ಲರೂ ನಕ್ಕರು, ತೊಮೆಕೊ ಕೂಡ. ಮರುದಿನ ಬೆಳಗ್ಗೆ ನಗಿಸಾ ಅಪ್ಪನ ಎಡೆಯನ್ನು ಉತ್ತರದ ಕಿಟಕಿಯ ಕೆಳಗೆ ತಂದು, ಗುಡ್ಡದ ಕಡೆಗೆ ತಿರುಗಿಸಿಟ್ಟಳು. ಉತ್ತರಕ್ಕೆ ತಲೆ ಮಾಡಿ ಮಲಗಿಸುವುದು ಸತ್ತವರನ್ನು. ಸತ್ತವರ ತಲೆಯ ಹತ್ತಿರ ಅನ್ನ ಇಡುವುದೂ ಉಂಟು. ಕಿನು ಓಡಿಬಂದು ಬಟ್ಟಲಿನ ಮುಚ್ಚಳ ತೆಗೆದರು. ಸಂದಿಯಿಂದ ಗಾಳಿ ನುಗ್ಗುವ ಕಿಟಕಿ ಅದು. ಸಾರು ಆರಿ, ಮುಚ್ಚಳದೊಳಗೆ ಒಂದು ಹನಿಯೂ ನಿಲ್ಲಲಿಲ್ಲ.

ಅದೇ ದಿನದಿಂದ ಹಡಗಿನ ಸುದ್ದಿ ನಿಂತಿದೆ.

ಆಂಟೆನಾ ಕೆಟ್ಟಿರಬೇಕು, ಆ ಕಡೆ ಬಿರುಗಾಳಿಯಿದೆ, ಹತ್ತಿರದ ಹಡಗುಗಳಿಗೆ ನೋಡಲು ಹೇಳಿದ್ದೇವೆ ಎನ್ನುತ್ತದೆ ಹಡಗಿನ ಕಚೇರಿ. ಇರಬಹುದು. ರೇಡಿಯೋದವನ ಹೆಂಡತಿಯಾಗಿದ್ದ ತೊಮೆಕೊಗೆ ಇಂಥ ಮೌನಗಳು ಹೊಸತಲ್ಲ. ಆದರೂ ಎರಡು ದಿನದಿಂದ ಕೊಕ್ಕೆ ಕಟ್ಟುವಾಗ ಅವರ ಗಂಟು ಜಾರುತ್ತಿದೆ.

ಬೆಳಕು ಹರಿಯುತ್ತಿದೆ. ಇವತ್ತು ನಗಿಸಾಳ ಹಿಂದೆಯೇ ಕಿನು ಕೂಡ ಬಂದಿದ್ದಾರೆ, ಕೋಟಿನ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡು. ಮಗುವನ್ನು ಗ್ಲೋಬಿನ ಮುಂದೆ ಬಿಟ್ಟು ತೊಮೆಕೊ ಅವರನ್ನು ಅಡುಗೆಮನೆಗೆ ಕರೆಯುತ್ತಾರೆ. ದಿನಾ ಎಡೆಯನ್ನು ತಾನು ಕಡಲಿಗೆ ತಿರುಗಿಸುತ್ತೇನೆ, ಮೊಮ್ಮಗಳು ಗುಡ್ಡಕ್ಕೆ ತಿರುಗಿಸುತ್ತಾಳೆ, ಸೊಸೆ ಮೀನಿನ ಕಾರ್ಖಾನೆಗೆ ಹೋಗುವ ಅವಸರದಲ್ಲಿ ಯಾರ ಪರವೂ ಮಾತಾಡುವುದಿಲ್ಲ ಎನ್ನುತ್ತಾರೆ.

“ನೀನು ಹೇಳಿದ್ರೆ ಕೇಳ್ತಾಳೆ ತೊಮೆಕೊ. ದಾರ ತಪ್ಪಾಗಿ ಎಳೆದಿದ್ವಿ ಅಂತ ಹೇಳ್ಬಿಡು.”

“ತಪ್ಪಾಗಿ ಎಳೆದಿಲ್ವಲ್ಲ, ಕಿನು ಅಕ್ಕ.”

“ನೀನು ಉತ್ತರಕ್ಕೆ ತಲೆ ಹಾಕಿ ಮಲಗ್ತೀಯಾ?”

ತೊಮೆಕೊ ಹಾಗೆ ಮಲಗುವುದಿಲ್ಲ. ಅಲೆಯ ವರ್ಷ ಶಾಲೆಯ ಅಂಗಳದ ಡೇರೆಯಲ್ಲಿ, ಕಾಲು ಚಾಚಲು ಜಾಗವಿಲ್ಲದಿದ್ದಾಗಲೂ, ಅವರು ದಿಕ್ಕು ನೋಡಿಯೇ ಮಲಗಿದವರು. ಲೋಕ ಉರುಟಾಗಿದೆ ಎಂಬುದನ್ನು ಬೆರಳು ಬಲ್ಲದು. ಎದೆ ಬೇರೆಯದನ್ನು ಬಲ್ಲದು.

ಸುಳ್ಳು ಹೇಳುವುದಿಲ್ಲ, ಕೇಳಿ ನೋಡುತ್ತೇನೆ ಎಂದಷ್ಟೇ ಅಂದು ಅವರು ಹೊರಗೆ ಬರುತ್ತಾರೆ. ನಗಿಸಾ ದಾರದ ಒಂದು ತುದಿಯನ್ನು ಕೆಸೆನ್ನುಮಾದ ಮೇಲೆ ಹೆಬ್ಬೆರಳಿನಿಂದ ಒತ್ತಿಹಿಡಿದಿದ್ದಾಳೆ. ತೊಮೆಕೊ ಅವಳ ಎದುರು ಮಂಡಿಯೂರುತ್ತಾರೆ.

“ನಗಿಸಾ, ನೀನು ಎಳೆದಿದ್ದು ಸರಿಯಾಗೇ ಇದೆ. ಆದ್ರೆ ಸುದ್ದಿ ಬರೋವರ್ಗೂ ಎಡೇನ ಕಡಲ ಕಡೆಗೇ ಇಡು. ಅಜ್ಜಿಗೋಸ್ಕರ.” ಮತ್ತೆ ಸೇರಿಸುತ್ತಾರೆ: “ನನಗೋಸ್ಕರನೂ.”

ಹುಡುಗಿ ಬಾಗಿಲಲ್ಲಿ ನಿಂತ ಅಜ್ಜಿಯನ್ನು ನೋಡುತ್ತಾಳೆ, ಎದುರಿಗಿರುವ ಅಜ್ಜಿಯನ್ನು ನೋಡುತ್ತಾಳೆ. ದಾರದ ಇನ್ನೊಂದು ತುದಿಯನ್ನು ಹಿಮಗಡಲಿನ ಮೇಲಿಂದ ಎಳೆದು ಆಫ್ರಿಕಾದ ಪಕ್ಕದ ನೀಲಿಗೆ ಮುಟ್ಟಿಸುತ್ತಾಳೆ. ಬಿಗಿಯಾಗಿ, ಹೇಳಿಕೊಟ್ಟ ಹಾಗೆಯೇ.

“ಕಡಲ ಕಡೆ ಇಟ್ರೆ ಅಪ್ಪ ಉಪವಾಸ ಇರ್ತಾರೆ,” ಎನ್ನುತ್ತಾಳೆ. “ನಾನು ತಿರುಗಿಸಲ್ಲ.”