ಎಡಗಡೆಯ ಮುಂದಿನ ಚಕ್ರ

ಸಾಗರದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಪಂಪ್‌ಸೆಟ್ಟು, ಮಿಕ್ಸಿ, ಗ್ರೈಂಡರು, ಏನೇ ಸುಟ್ಟುಕೊಂಡು ಬಂದರೂ ಒಳಗಿನ ಹಳೆ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಅಪ್ಪ ಮಗಳಿಗೆ ಕಲಿಸಿದ ಕೆಲಸ. ‘ಇಲ್ಲಿ ರಿಪೇರಿ ಮಾಡೋರು ಯಾರೂ ಇಲ್ವಾ?’ ಎಂದು ನನ್ನ ಮುಖ ನೋಡಿಕೊಂಡೇ ಕೇಳಿದ ಗಿರಾಕಿಗಳಿಗೆ ಮೊದಲು ಸರಿಯಾಗಿ ಬೈದು, ಆಮೇಲೆ ಮೋಟರ್ ಇಳಿಸಿಕೊಂಡಿದ್ದೇನೆ. ನನ್ನ ಬಾಯಿ ಜೋರು. ಅದು ಪೇಟೆಗೆಲ್ಲ ಗೊತ್ತಿರುವ ಸಂಗತಿ.

ಪೇಟೆಗೆಲ್ಲ ಗೊತ್ತಿದ್ದ ಇನ್ನೊಂದು ಸಂಗತಿ ನನ್ನ ಕಾರು. ಎರಡೇ ಸೀಟು, ಮಡಚಿಡಲು ಬರುವ ಬಟ್ಟೆಯ ಟಾಪು, ಫೈಬರ್ ಬಾಡಿ, ಕೆಂಪು ಬಣ್ಣ. ಶಿವಮೊಗ್ಗದ ಡಾಕ್ಟರೊಬ್ಬರು ಊರು ಬಿಡುವಾಗ ನನಗೆ ಮಾರಿದ್ದು. ನೆಲಕ್ಕೆ ತಾಗಿದ ಹಾಗೆ ಕೂರಬೇಕು. ಎದುರಿಗೆ ಬಸ್ಸು ಬಂದರೆ ಅದರ ಗಾಲಿಯ ನಟ್ಟುಗಳೇ ಕಣ್ಣ ಮಟ್ಟಕ್ಕೆ ಕಾಣುತ್ತಿದ್ದವು. ಅಷ್ಟು ಹಗುರದ ಗಾಡಿಗೆ ಸಣ್ಣ ಎಂಜಿನ್ನೇ ಸಾಕು, ಕಾಲಿಟ್ಟರೆ ಹಾರುತ್ತಿತ್ತು. ಮದುವೆ ಗಿದುವೆ ಅಂತ ತಲೆ ತಿನ್ನುವ ನೆಂಟರ ಎದುರಿನಿಂದ ಭರ್ ಅಂತ ಹೊರಟುಬಿಡುವುದರಲ್ಲಿ ಎಂಥ ಸುಖವಿತ್ತು! ಸ್ಟೀರಿಂಗನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ಒಮ್ಮೆ ಮಾತ್ರ ಕೊಟ್ಟೆ, ಹದಿನಾಲ್ಕು ವರ್ಷದ ಹಿಂದೆ. ನನ್ನ ಒಬ್ಬಳೇ ತಂಗಿಯನ್ನು ತೀರ್ಥಹಳ್ಳಿಗೆ ಕೊಟ್ಟಿದೆ. ಅವಳ ಗಂಡ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನಾನು ಭಾವ ಎಂದೇ ಕರೆಯುವುದು. ಆಗ ಅವರು ತೀರ್ಥಹಳ್ಳಿಯ ವಾಲಿಬಾಲ್ ಟೀಮಿನಲ್ಲಿ ನೆಟ್ಟಿನ ಮುಂದೆ ನಿಂತು ಹೊಡೆಯುವವರು. ಅವರು ಎಗರುವುದನ್ನು ನೋಡಲಿಕ್ಕೇ ಜನ ಸೇರುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದರು. ವಾಪಸು ಹೊರಟ ದಿನ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರು ತಗೊಂಡು ಹೋಗಿ, ಮುಂದಿನ ವಾರ ತಂದುಕೊಡಿ ಎಂದೆ. ‘ಆದ್ರೆ ಭಾವ, ನೀವೇ ಓಡಿಸ್ಬೇಕು. ಬೇರೆ ಯಾರಾದ್ರೂ ಸ್ಟೀರಿಂಗ್ ಮುಟ್ಟಿದ್ದು ಗೊತ್ತಾದ್ರೆ ನಾನು ಮನುಷ್ಯಳಾಗಿರಲ್ಲ’ ಎಂದು ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದೆ.

ಹೊಸನಗರ ದಾಟಿ ಸ್ವಲ್ಪ ದೂರದಲ್ಲಿ, ಒಂದು ತಿರುವಿನಲ್ಲಿ, ಕಾರು ಎಡಕ್ಕೆ ಹೋಗಿ ಹೊನ್ನೆ ಮರಕ್ಕೆ ಗುದ್ದಿತು. ತಂಗಿಗೆ ತರಚಿದ ಗಾಯ. ಭಾವನ ಎಡಗಾಲು ಮಂಡಿಯ ಹತ್ತಿರ ನುಜ್ಜುಗುಜ್ಜು. ಆಸ್ಪತ್ರೆಗೆ ಓಡಿಹೋಗಿ ಮಂಚದ ಪಕ್ಕ ನಿಂತಾಗ ಅವರು ಹೇಳಿದ್ದು ಇಷ್ಟೇ: ‘ಎಂತ ಆಯ್ತೋ ಗೊತ್ತಿಲ್ಲ ಅತ್ತಿಗೆ. ಸ್ಟೀರಿಂಗು ಮಾತೇ ಕೇಳ್ಲಿಲ್ಲ. ಕಾರು ತನ್ನಷ್ಟಕ್ಕೇ ಎಡಕ್ಕೆ ಹೋಗ್ಬಿಡ್ತು.’

ಹಬ್ಬದ ಹಿಂದಿನ ದಿನ ಎಡಗಡೆಯ ಮುಂದಿನ ಚಕ್ರ ಬಿಚ್ಚಿ ಜೋಡಿಸಿದವಳು ನಾನೇ. ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಆಚೀಚೆ ತಳ್ಳುವ ಒಂದು ಸಲಾಕೆ ಇರುತ್ತದೆ. ಅದರ ತುದಿಯನ್ನು ಹಿಡಿದಿರುವುದು ಒಂದು ನಟ್ಟು. ಆ ನಟ್ಟು ತಾನಾಗಿ ಸಡಿಲವಾಗಬಾರದೆಂದು ಅಡ್ಡಲಾಗಿ ಉಕ್ಕಿನ ಪಿನ್ನು ತೂರಿಸಿ ಬಗ್ಗಿಸಬೇಕು. ಹಳೆಯ ಪಿನ್ನು ತುಂಡಾಗಿತ್ತು, ಹೊಸದು ನನ್ನಲ್ಲಿರಲಿಲ್ಲ, ಬಿಡಿಭಾಗದ ಅಂಗಡಿಯವನು ಹಬ್ಬಕ್ಕೆಂದು ಊರಿಗೆ ಹೋಗಿದ್ದ. ಸದ್ಯಕ್ಕೆ ಇರಲಿ ಎಂದು ಕೈಗೆ ಸಿಕ್ಕಿದ ವೈಂಡಿಂಗ್ ತಂತಿಯನ್ನೇ ಎರಡೆಳೆ ತೂರಿಸಿ, ಮೂರು ಸುತ್ತು ಹುರಿಮಾಡಿ, ಕೈಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಚಿದ್ದೆ. ಮೋಟರ್ ಸುತ್ತುವವರಿಗೆ ಮಾತ್ರ ಹೊಳೆಯುವ ಮೂರ್ಖತನ ಅದು. ತಾಮ್ರ ಎಷ್ಟು ಮೆದು, ಅದನ್ನು ನಂಬಿ ಯಾರಾದರೂ ಚಕ್ರ ಕಟ್ಟುತ್ತಾರೆಯೇ! ಹಬ್ಬ ಮುಗಿದ ಕೂಡಲೇ ಪಿನ್ನು ಹಾಕುವವಳಿದ್ದೆ. ಕಾರಿನ ಕೀ ಕೊಡುವಾಗ ಅದು ನೆನಪಿಗೇ ಬರಲಿಲ್ಲ.

ಕಾರನ್ನು ಲಾರಿಯಲ್ಲಿ ತಂದು ಅಂಗಡಿಯ ಹಿಂದಿನ ಶೆಡ್ಡಿಗೆ ಇಳಿಸಿದರು. ಬಗ್ಗಿ ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು, ತಂತಿ ಇದೆಯೋ ತುಂಡಾಗಿದೆಯೋ ಅಂತ. ನೋಡಲಿಲ್ಲ. ನೋಡಿದರೆ ಗೊತ್ತಾಗುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ. ಟಾರ್ಪಾಲು ಹೊದಿಸಿ, ಸುತ್ತಲೂ ಸುಟ್ಟ ಮೋಟರುಗಳನ್ನು ಒಟ್ಟಿದೆ. ಭಾವ ಮತ್ತೆಂದೂ ವಾಲಿಬಾಲ್ ಅಂಕಣಕ್ಕೆ ಇಳಿಯಲಿಲ್ಲ, ತೀರ್ಥಹಳ್ಳಿಯಲ್ಲೇ ನೋಟ್‌ಬುಕ್ಕು ಪೆನ್ನುಗಳ ಅಂಗಡಿ ಇಟ್ಟರು. ಮೆಟ್ಟಿಲು ಹತ್ತುವಾಗ ಅವರು ಒಂದು ಕಾಲನ್ನು ಮೊದಲಿಟ್ಟು ಇನ್ನೊಂದನ್ನು ಎಳೆದುಕೊಳ್ಳುವುದನ್ನು ಕಂಡರೆ ನನಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ತಂಗಿಯ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಕೇಳಿದವರಿಗೆ ಕೆಲಸ ಜಾಸ್ತಿ ಎನ್ನುತ್ತಿದ್ದೆ.

ಕಳೆದ ವರ್ಷ ರಸ್ತೆ ಅಗಲ ಮಾಡುವವರು ಶೆಡ್ಡಿನ ಗೋಡೆಗೆ ಗುರುತು ಹಾಕಿಹೋದರು. ಕಾರನ್ನು ಗುಜರಿಗೆ ಹಾಕಿ ಪೀಡೆ ಕಳೆದುಕೊಳ್ಳೋಣ ಎಂದುಕೊಂಡೆ. ಕಾರು ಹೋದರೆ ಚಕ್ರದ ಗುಟ್ಟೂ ಅದರ ಜೊತೆಗೇ ಹೋಗುತ್ತದೆ. ಫೋನಿನಲ್ಲಿ ಭಾವನ ಹತ್ತಿರ ಬಾಯಿಬಿಟ್ಟದ್ದೇ ತಪ್ಪಾಯಿತು.

‘ಗುಜರಿಗಾ? ಎಂಥ ಮಾತು ಅತ್ತಿಗೆ! ಅಂಥ ಗಾಡಿ ಈಗ ಹುಡುಕಿದ್ರೂ ಸಿಗಲ್ಲ. ನಾನು ಬರ್ತೀನಿ, ಕೂತು ರೆಡಿ ಮಾಡೋಣ.’

‘ಕಾರಿನ ವಿಷ್ಯ ನಿಮ್ಗೇನು ಗೊತ್ತು?’

‘ನಟ್ಟು ಬೋಲ್ಟು ತಿಕ್ಕೋಕೆ ಏನು ಗೊತ್ತಿರ್ಬೇಕು? ಇನ್ನೊಂದ್ಸಲ ಅದ್ರಲ್ಲಿ ಕೂತು ಬರ್ಬೇಕು ಅಂತ ಆಸೆ. ಇಲ್ಲ ಅನ್ಬೇಡಿ.’

ಅವರಿಗೆ ಇಲ್ಲ ಎನ್ನುವ ಮುಖ ನನಗಿರಲಿಲ್ಲ.

ಭಾವ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬರತೊಡಗಿದರು. ಕಾರನ್ನು ಮನೆಯಂಗಳಕ್ಕೆ ತರಿಸಿ ಮೇಲೆ ತಗಡು ಹೊದಿಸಿದೆ. ಬೋಲ್ಟುಗಳನ್ನು ಬಿಚ್ಚಿ, ಪಕ್ಕದ ಮನೆಯವರನ್ನೂ ಎದುರಿನ ಹೋಟೆಲಿನವರನ್ನೂ ಕರೆದು, ಐದು ಜನ ಸೇರಿ ಇಡೀ ಬಾಡಿಯನ್ನು ಎತ್ತಿ ಪಕ್ಕಕ್ಕಿಟ್ಟೆವು. ‘ಅಯ್ಯೋ, ಇಷ್ಟೇ ಭಾರನಾ! ನಮ್ಮನೆ ಕಪಾಟೇ ಇದಕ್ಕಿಂತ ತೂಕ ಇದೆ’ ಎಂದರು ಹೋಟೆಲಿನವರು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿ ಎಷ್ಟೋ ತಲೆಮಾರು ಕಳೆದಿದ್ದವು. ವೈರಿಂಗ್ ಒಂದೆಳೆಯೂ ಉಳಿದಿರಲಿಲ್ಲ. ಅದು ನನ್ನದೇ ಕೆಲಸ, ಎರಡು ಭಾನುವಾರದಲ್ಲಿ ಹೊಸದಾಗಿ ಎಳೆದೆ. ಎಂಜಿನ್ನಿನ ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು. ಡೀಸೆಲ್ ಸುರಿದು ನೆನೆಹಾಕಿ, ದಿನಕ್ಕೊಮ್ಮೆ ತಿರುಗಿಸಲು ನೋಡಿ, ತಿರುಗದಿದ್ದರೆ ಬಾಯಿಗೆ ಬಂದಂತೆ ಬೈದು ಒಳಗೆ ಹೋಗುತ್ತಿದ್ದೆ. ಮೂರನೆಯ ವಾರ ಒಂದು ಬೆಳಿಗ್ಗೆ ಕೂದಲೆಳೆಯಷ್ಟು ಅಲುಗಿತು. ನಾನು ಅಂಗಳದಲ್ಲೇ ಕುಣಿದೆ.

ಅಷ್ಟರಲ್ಲಿ ಮಳೆಗಾಲ ಶುರುವಾಯಿತು. ಒಡೆದ ಫೈಬರಿಗೆ ಒಳಗಿನಿಂದ ಗಾಜುನಾರಿನ ಹಾಸು ಇಟ್ಟು ರೆಸಿನ್ ಬಳಿದರೆ ಎರಡು ದಿನವಾದರೂ ಒಣಗದೆ ಅಂಟು ಅಂಟು. ಮೋಟರಿಗೆ ವಾರ್ನಿಶ್ ಹಾಕಿದಾಗ ನಾವು ಅದನ್ನು ಪೆಟ್ಟಿಗೆಯೊಳಗಿಟ್ಟು ದೊಡ್ಡ ಬಲ್ಬು ಉರಿಸಿ ಒಣಗಿಸುತ್ತೇವೆ. ಅದೇ ಬಲ್ಬುಗಳನ್ನು ಕಾರಿನ ಮೂತಿಯ ಸುತ್ತ ನೇತುಹಾಕಿ ಕಂಬಳಿಯ ಮರೆ ಕಟ್ಟಿದೆ. ಮರುದಿನ ಬೆರಳಲ್ಲಿ ತಟ್ಟಿದರೆ ಟಣ್ ಟಣ್! ‘ಒಳ್ಳೆ ಬಾಣಂತಿ ಆರೈಕೆ’ ಎಂದು ಭಾವ ನಕ್ಕರು.

ಹೀಗೆ ಎಲ್ಲ ಆಗುತ್ತಾ ಬಂತು. ಬಲಗಡೆಯ ಎರಡು ಚಕ್ರ, ಎಡಗಡೆಯ ಹಿಂದಿನದು, ಮೂರಕ್ಕೂ ಬ್ರೇಕು ಬೇರಿಂಗು ಹೊಸದಾದವು. ಉಳಿದ ಒಂದಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಇವತ್ತು ಗ್ರೀಸ್ ಇಲ್ಲ, ಇವತ್ತು ಬೆನ್ನು ನೋವು, ಇವತ್ತು ಕರೆಂಟಿಲ್ಲ.

‘ಅತ್ತಿಗೆ, ಆ ಒಂದು ಚಕ್ರ ಏನು ಪಾಪ ಮಾಡಿದೆ?’ ಎಂದು ಭಾವ ಕೇಳಿದರು.

‘ನಿಮ್ಗೆ ಕೊಟ್ಟ ಕೆಲ್ಸ ನೀವು ನೋಡ್ಕೊಳ್ಳಿ!’

ಅವರು ತೆಪ್ಪಗೆ ಬೋಲ್ಟು ತಿಕ್ಕಿದರು, ಎಡಗಾಲನ್ನು ನೇರ ಚಾಚಿಕೊಂಡು. ಅದನ್ನು ಮಡಚಲು ಬರುವುದಿಲ್ಲ. ನನಗೆ ಅಳು ಬರುವಂತಾಯಿತು. ಇವರ ಎದುರಿಗೇ ಆ ತಂತಿ ತುಂಡಾಗಿ ಸಿಕ್ಕರೆ ಏನು ಹೇಳಲಿ?

ಕೊನೆಗೆ ಒಂದು ಬುಧವಾರ ಬೆಳಿಗ್ಗೆಯೇ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದೆ. ಏನಾದರೂ ಆಗಲಿ, ಒಬ್ಬಳೇ ಇರುವಾಗಲೇ ಆಗಿಹೋಗಲಿ. ಚಕ್ರ ಬಿಚ್ಚಿ ಬದಿಗಿಟ್ಟೆ. ಗೆದ್ದಲು ಮಣ್ಣು, ಗ್ರೀಸು, ತುಕ್ಕು ಎಲ್ಲ ಸೇರಿ ಗಟ್ಟಿಯಾದ ಹೆಂಟೆ. ಕಣ್ಣು ಅರ್ಧ ಮುಚ್ಚಿಕೊಂಡೇ ತಂತಿಯ ಬ್ರಷ್ಷಿನಿಂದ ಉಜ್ಜಿದೆ. ಮರಕ್ಕೆ ಗುದ್ದಿದ ಪೆಟ್ಟಿಗೆ ಸಲಾಕೆ ನಡುವೆ ಬಾಗಿತ್ತು, ಆದರೆ ಅದರ ತುದಿ ಜಾಗ ಬಿಟ್ಟು ಕದಲಿರಲಿಲ್ಲ. ನಟ್ಟು ಇತ್ತು. ನಟ್ಟಿನ ಅಡ್ಡಕ್ಕೆ ಹಸಿರುಗಟ್ಟಿದ ತಾಮ್ರದ ಎರಡೆಳೆ, ಮೂರು ಸುತ್ತು, ಒಳಕ್ಕೆ ಮಡಚಿದ ತುದಿ. ನನ್ನದೇ ಕೈಕೆಲಸ. ಎಲ್ಲೂ ತುಂಡಾಗಿರಲಿಲ್ಲ. ತಂತಿ ಕತ್ತರಿಸಿ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಜಪ್ಪಯ್ಯ ಅನ್ನಲಿಲ್ಲ. ಪೈಪು ಸಿಕ್ಕಿಸಿ, ಅದರ ಮೇಲೆ ನಿಂತು ತುಳಿದ ಮೇಲೆ ಸಡಿಲವಾಯಿತು.

ನಾನಲ್ಲ. ದೇವರೇ, ನಾನಲ್ಲ! ಅಲ್ಲೇ ನೆಲಕ್ಕೆ ಕೂತು ಗೊಳೋ ಎಂದು ಅತ್ತೆ. ಆಮೇಲೆ ಎದ್ದು, ಉಗುರಿನ ಗ್ರೀಸೂ ಸರಿಯಾಗಿ ತೊಳೆಯದೆ, ಆ ತಂತಿಯ ತುಂಡನ್ನು ಪರ್ಸಿಗೆ ಹಾಕಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ ಅದು. ತಪ್ಪು ನನ್ನದಲ್ಲ, ಸರಿ. ಆದರೆ ಅಂಥ ಗಾಡಿಯಲ್ಲಿ ಅವರನ್ನು ಕಳಿಸಿದ್ದನ್ನು ಒಪ್ಪಿಕೊಳ್ಳಲೇಬೇಕು. ಹೊಸನಗರದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಡ್ರೈವರಿಗೆ ಬೈಯುವಷ್ಟು ಅವಸರವಾಗಿತ್ತು. ಬೈದೆ ಕೂಡ.

ಭಾವ ಮಧ್ಯಾಹ್ನದ ಊಟ ಮುಗಿಸಿ ಅಂಗಡಿಗೆ ಹೊರಡುವುದರಲ್ಲಿದ್ದರು. ‘ಎಂತ ಆಯ್ತು ಅಕ್ಕಾ, ಹೀಗೆ ಬಂದಿದೀಯ?’ ಎಂದು ತಂಗಿ ಗಾಬರಿಯಾದಳು. ನಾನು ಚಪ್ಪಲಿ ಬಿಡುತ್ತಲೇ ಶುರುಮಾಡಿದೆ. ಪಿನ್ನು, ತಂತಿ, ಮರೆತದ್ದು, ಇಷ್ಟು ವರ್ಷ ನೋಡದೆ ಬಿಟ್ಟದ್ದು, ಈಗ ನೋಡಿದ್ದು, ಎಲ್ಲ ಒಂದೇ ಉಸಿರಿಗೆ. ‘ಸ್ಟೀರಿಂಗಿಗೆ ಏನೂ ಆಗಿರ್ಲಿಲ್ಲ ಭಾವ! ನೋಡಿ, ತಂತಿ ಹಾಗೇ ಇದೆ!’

ನಾನು ಎಣಿಸಿದ ಹಾಗೆ ಯಾರೂ ಖುಷಿಪಡಲಿಲ್ಲ. ಭಾವ ಹೆಂಡತಿಯ ಮುಖ ನೋಡಿದರು. ಅವಳು ಕುರ್ಚಿ ಎಳೆದು ಕೂತಳು.

‘ಸ್ಟೀರಿಂಗ್ ಹಿಡಿದಿದ್ದು ನಾನು ಅಕ್ಕಾ’ ಎಂದಳು. ‘ಹೊಸನಗರ ದಾಟಿದ ಮೇಲೆ ನಾನೇ ಹಟ ಮಾಡಿ ತಗೊಂಡೆ. ನೀನು ಓಡ್ಸೋದು ನೋಡಿ ನೋಡಿ ಆಸೆ ಆಗಿತ್ತು. ಎದುರಿಗೆ ಲಾರಿ ಬಂತು, ಹೆದ್ರಿ ಪೂರ್ತಿ ತಿರುಗ್ಸಿಬಿಟ್ಟೆ.’

‘ನೀನಾ?’ ಎಂದೆ.

‘ಎಡಗಡೆ ಗುದ್ದಿದೆ, ಮುರಿದಿದ್ದು ಎಡಗಾಲು. ಡ್ರೈವರ್ ಕೂರೋದು ಬಲಗಡೆ. ಇಷ್ಟು ವರ್ಷ ಒಂದ್ಸಲನೂ ಯೋಚನೆ ಮಾಡಿಲ್ವಾ ನೀನು?’

ಮಾಡಿರಲಿಲ್ಲ. ತಪ್ಪು ನನ್ನದೇ ಎಂದು ಗಟ್ಟಿಮಾಡಿಕೊಂಡವಳಿಗೆ ಎಡವೇನು ಬಲವೇನು. ಈ ಆರೇಳು ತಿಂಗಳು ಆ ಎಡಗಡೆಯ ಸೀಟಿನ ತಳಕ್ಕೇ ಹಾಸಿನ ಮೇಲೆ ಹಾಸು ಇಟ್ಟು ರೆಸಿನ್ ಬಳಿದಿದ್ದೇನೆ, ಆಗಲೂ ಹೊಳೆಯಲಿಲ್ಲ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ‘ಹದಿನಾಲ್ಕು ವರ್ಷ! ಹದಿನಾಲ್ಕು ವರ್ಷ ನನ್ನ ಜೀವ ಹಿಂಡಿದ್ರಲ್ಲ, ನಿಮ್ಗೆ ಮನುಷ್ಯತ್ವ ಇದ್ಯಾ? ಹೇಳೋಕೆ ಏನಾಗಿತ್ತು ರೋಗ?’ ಪಕ್ಕದ ಮನೆಯವರು ಕಿಟಕಿ ತೆರೆದರು.

‘ಇದೇ ಆಗಿತ್ತು’ ಎಂದರು ಭಾವ ಮೆಲ್ಲಗೆ. ‘ಈ ಬಾಯಿಗೇ ಹೆದ್ರಿದ್ದು ಅತ್ತಿಗೆ. ಗೊತ್ತಾದ್ರೆ ನೀವು ಇವಳ ಮುಖ ನೋಡಲ್ಲ ಅಂತ ಇವಳು ಅಳ್ತಿದ್ಲು. ಅದಕ್ಕೇ ಕಾರಿನ ಮೇಲೆ ಹಾಕಿದೆ. ಕಾರಿಗೇನು, ಬೇಜಾರಾಗುತ್ತಾ ಅಂದ್ಕೊಂಡೆ. ನೀವು ಅದನ್ನ ನಿಮ್ಮ ಮೇಲೆ ಎಳ್ಕೊಳ್ತೀರಿ ಅಂತ ನಂಗೇನು ಕನಸು ಬಿದ್ದಿತ್ತಾ?’

ಅವರು ಹೇಳಿದ್ದು ಸುಳ್ಳಲ್ಲ. ಆವತ್ತು ಗೊತ್ತಾಗಿದ್ದರೆ ನಾನು ತಂಗಿಯ ಜೊತೆ ಮಾತು ಬಿಡುತ್ತಿದ್ದೆ.

‘ಆ ಕಾಲು ನೀನು ವರ್ಷಕ್ಕೆ ನಾಲ್ಕು ಸಲ ನೋಡ್ತಿದ್ದೆ ಅಕ್ಕಾ’ ಎಂದಳು ತಂಗಿ. ‘ನಾನು ದಿನಾ ನೋಡ್ತೀನಿ.’

ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಗ್ರೀಸಿನ ಕೈಯನ್ನೇ ಅವಳ ಬೆನ್ನ ಮೇಲಿಟ್ಟೆ. ಇಬ್ಬರೂ ಅತ್ತೆವು. ಭಾವ, ‘ಕಾಲು ನಂದು, ಅಳೋರು ನೀವಾ? ಏಳಿ, ಯಾರಾದ್ರೂ ಕಾಫಿ ಮಾಡಿ’ ಎಂದರು. ಕೊನೆಗೆ ಅವರೇ ಮಾಡಿದರು. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಗಿ, ಉಳಿದಿದ್ದ ಅನ್ನ ಸಾರನ್ನೆಲ್ಲ ನಾನೊಬ್ಬಳೇ ಖಾಲಿ ಮಾಡಿದೆ. ಆ ಮನೆಯಲ್ಲಿ ಅನ್ನ ಅಷ್ಟು ಸಲೀಸಾಗಿ ಗಂಟಲಿಳಿದು ಎಷ್ಟು ಕಾಲವಾಗಿತ್ತೋ.

ಆ ಚಕ್ರಕ್ಕೆ ಹೊಸ ಸಲಾಕೆ, ಉಕ್ಕಿನ ಪಿನ್ನು ಹಾಕಿದ ಭಾನುವಾರ ತಂಗಿಯೂ ಬಂದಿದ್ದಳು. ಮಳೆ ಬಿಟ್ಟ ಮೇಲೆ ಬಣ್ಣ ಹೊಡೆಸಿ, ಆರ್‌ಟಿಓ ಆಫೀಸಿನ ಕಾಗದಪತ್ರ ಮುಗಿಸಿದೆ. ಅಷ್ಟರೊಳಗೆ ಅವಳನ್ನು ತೀರ್ಥಹಳ್ಳಿಯ ಡ್ರೈವಿಂಗ್ ಸ್ಕೂಲಿಗೆ ಹಟ ಮಾಡಿ ಸೇರಿಸಿದ್ದೆ. ಬೇಡ ಬೇಡ ಎನ್ನುತ್ತಲೇ ಕಲಿತು ಲೈಸೆನ್ಸ್ ತಗೊಂಡಳು. ಭಾವ ಮೊದಲ ಸವಾರಿ ಮಾಡಿ ಆಸೆ ತೀರಿಸಿಕೊಂಡರು, ಇಕ್ಕೇರಿ ತನಕ ನಾನೇ ಕರೆದುಕೊಂಡು ಹೋಗಿ ಬಂದೆ. ಆಮೇಲೆ ಕೀಯನ್ನು ತಂಗಿಯ ಕೈಗೆ ಕೊಟ್ಟು, ‘ನಿನ್ನ ಮನೆಗೆ ನೀನೇ ಓಡಿಸ್ಕೊಂಡು ಹೋಗ್ಬೇಕು, ನಾನು ಪಕ್ಕದಲ್ಲಿರ್ತೀನಿ’ ಎಂದೆ. ಭಾವ ಹಿಂದಿನಿಂದ ಬಸ್ಸಿನಲ್ಲಿ ಹೊರಟರು.

ಹೊಸನಗರದವರೆಗೆ ಅವಳು ಉಸಿರೇ ಬಿಡಲಿಲ್ಲ. ನಾನಂತೂ ದಾರಿಯುದ್ದಕ್ಕೂ ಸುಮ್ಮನಿರಲಿಲ್ಲ. ಗೇರ್ ಇಳಿಸು, ಹಾರ್ನ್ ಹಾಕು, ಆ ಎಮ್ಮೆ ನೋಡು, ಅಷ್ಟು ಬಿಗಿ ಹಿಡೀಬೇಡ. ಊರು ದಾಟಿತು. ಆ ತಿರುವು ಬಂತು. ಎದುರಿನಿಂದ ಯಾವುದೋ ದೊಡ್ಡ ಗಾಡಿಯ ಸದ್ದು ಕೇಳಿದ್ದೇ ನನ್ನ ಕೈ ತಾನಾಗಿ ಸ್ಟೀರಿಂಗಿನ ಕಡೆ ಹೋಯಿತು. ‘ನಿಧಾನ, ನಿಧಾನ, ಎಡಕ್ಕೆ ತಗೋಬೇಡ...’

‘ಅಕ್ಕಾ!’ ಎಂದು ಗದರಿದಳು. ‘ಕೈ ತೆಗಿ. ಬಾಯ್ಮುಚ್ಕೊಂಡು ಕೂತ್ಕೋ.’

ಹುಟ್ಟಿದಾಗಿನಿಂದ ಅವಳು ನನಗೆ ಹಾಗೆ ಅಂದವಳಲ್ಲ. ಎದುರಿನ ಬಸ್ಸು ನಮ್ಮ ಬಲಕ್ಕೆ ಬುರ್ರೆಂದು ದಾಟಿಹೋಯಿತು, ತಿರುವು ಹಿಂದಾಯಿತು, ಅವಳು ಗೇರ್ ಬದಲಿಸಿದಳು. ನಾನು ಕೈ ತೊಡೆಯ ಮೇಲಿಟ್ಟು, ಬಾಯಿ ಮುಚ್ಚಿಕೊಂಡು ಕೂತೆ. ಎಷ್ಟು ಹಾಯಾಗಿತ್ತು!