ಕೆಂಚಣ್ಣನ ನಾಡಿ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಡಾಕ್ಟರ್ ಏಕನಾಥಮ್ಮ ತುರುವನೂರಿನ ತಮ್ಮ ಕ್ಲಿನಿಕ್ಕಿನಲ್ಲಿ ಕುರಿಗಾಹಿ ಕೆಂಚಣ್ಣನ ಹಳೆಯ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡುವುದು ಇಪ್ಪತ್ತೆಂಟು ವರ್ಷಗಳಿಂದ ಅವರ ಪದ್ಧತಿ. ಕೆಂಚಣ್ಣನ ನಾಡಿ ಒಮ್ಮೆಯೂ ಐವತ್ತೆಂಟಕ್ಕಿಂತ ಕೆಳಗಿಳಿದಿರಲಿಲ್ಲ. ಶನಿವಾರ ತಲೆಸುತ್ತು ಎಂದು ಬಂದಾಗ ಮೂವತ್ತೆಂಟಿತ್ತು.

ಕೂಡಲೇ ಚಿತ್ರದುರ್ಗದ ಹೃದಯತಜ್ಞ ಡಾಕ್ಟರ್ ಪ್ರದೀಪರಿಗೆ ಪತ್ರ ಕೊಟ್ಟು ಕಳಿಸಿದ್ದರು. 'ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ' ಎಂಬ ಸಾಲು ಅದರಲ್ಲಿತ್ತು. ಪ್ರದೀಪ್ ಎಂದಿನಂತೆ ಅದೇ ಪತ್ರದ ಕೆಳಗೆ ಉತ್ತರ ಬರೆದು ಫೋಟೊ ಕಳಿಸಿದ್ದರು: ನಾಡಿ ಏರುತ್ತಿಲ್ಲ, ಬುಧವಾರ ಪೇಸ್‌ಮೇಕರ್ ಹಾಕುತ್ತೇನೆ.

ಅಷ್ಟರಲ್ಲಿ ಕೆಂಚಣ್ಣನ ಹೆಂಡತಿ ಹುಲಿಗೆಮ್ಮ ದುರ್ಗದ ಬಸ್ಸಿಳಿದು ಬಂದಳು.

"ಎದೆಗೆ ಮಿಷಿನ್ ಇಟ್ರೆ ಕುರಿ ಹಿಂದೆ ಹೋಗಂಗಿಲ್ಲ ಅಂತ ನಮ್ಮನೆಯೋರು ಅಳ್ತಾ ಕುಂತವ್ರೆ ಡಾಕ್ಟ್ರಮ್ಮ. ನನ್ ಬಿಪಿ ಮಾತ್ರೆನೂ ಮುಗದೈತೆ."

"ಮೂವತ್ತು ಕೊಟ್ಟು ಹತ್ತೇ ದಿನ ಆಗೈತಲ್ಲ?"

"ಮನೇಲಿ ಇಬ್ರು ಅದೀವಲ್ರೀ! ತಲೆ ಭಾರ ಅಂದ್ರು. ನಂಗೆ ಒಳ್ಳೇದಾಗೈತೆ, ಅವ್ರಿಗೂ ಆಗ್ಲಿ ಅಂತ ಕೊಟ್ಟೆ. ದಿನಾ ಎರಡು. ಗಂಡಸ್ರಿಗೆ ಒಂದು ಎಲ್ಲಿ ಸಾಲ್ತದೆ? ಆಸ್ಪತ್ರೆಗೂ ಬುತ್ತಿ ಜೊತೆ ಒಯ್ದೀನಿ."

ಆ ಮಾತ್ರೆ ನಾಡಿಯನ್ನು ನಿಧಾನ ಮಾಡುತ್ತದೆ. ಏಕನಾಥಮ್ಮ ಫೋನ್ ತೆಗೆದುಕೊಂಡರು.

"ಪ್ರದೀಪ್, ತಪ್ಪು ನನ್ನ ಪತ್ರದಲ್ಲಿದೆ. ಕೆಂಚಣ್ಣ ಹೆಂಡತಿಯ ಬಿಪಿ ಮಾತ್ರೆ ನುಂಗ್ತಿದ್ದಾರೆ, ದಿನಕ್ಕೆರಡು. ನಾನು ಬರೆದುಕೊಟ್ಟಿರಲಿಲ್ಲ, ಹಾಗಾಗಿ ಕೇಳಲೇ ಇಲ್ಲ."

"ನಾನೂ ಕೇಳಲಿಲ್ಲ ಮೇಡಂ. ನೀವು ಬರೆದಿದ್ರೆ ಮತ್ತೆ ಕೇಳೋದೇ ಇಲ್ಲ."

"ಇನ್ಮೇಲೆ ಕೇಳ್ರಿ."

ಪ್ರದೀಪ್ ನಕ್ಕರು. "ಮಾತ್ರೆ ನಿಲ್ಲಿಸಿ ಮಾನಿಟರ್ ಹಾಕಿ ನೋಡ್ತೀನಿ. ಮೂರು ದಿನದಲ್ಲಿ ಏರದಿದ್ರೆ ಪೇಸ್‌ಮೇಕರ್ ಬೇಕೇ ಬೇಕು."

"ಆಗ ಒಪ್ಪಿಸೋ ಕೆಲಸ ನಂದು."

ಹುಲಿಗೆಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದಳು. "ನಾನೇ ಕೊಲ್ತಿದ್ನೇನ್ರೀ?"

"ನೀನು ಬಾಯಿ ಬಿಟ್ಟಿದ್ದಕ್ಕೇ ಗೊತ್ತಾಯ್ತು. ಇನ್ನು ಬುತ್ತೀಲಿ ರೊಟ್ಟಿ ಮಾತ್ರ ಒಯ್ಯಿ."

ಗುರುವಾರ ಮಧ್ಯಾಹ್ನ ಏಕನಾಥಮ್ಮ ದುರ್ಗಕ್ಕೆ ಹೋದರು. ಕೆಂಚಣ್ಣ ಹಾಸಿಗೆಯಲ್ಲಿ ಎದ್ದು ಕೂತಿದ್ದ. ತಲೆಯ ಮೇಲಿನ ಮಾನಿಟರಿನಲ್ಲಿ ಅಂಕಿ ಹೊಳೆಯುತ್ತಿತ್ತು.

"ಅದು ನಿಜ ಹೇಳ್ತೈತೋ ಸುಳ್ಳೋ, ನೀವೇ ನೋಡ್ರಿ ಡಾಕ್ಟ್ರಮ್ಮ," ಎಂದು ಕೈ ಚಾಚಿದ.

ಏಕನಾಥಮ್ಮ ಮಣಿಕಟ್ಟು ಹಿಡಿದು ಗಡಿಯಾರ ನೋಡತೊಡಗಿದರು. ಪ್ರದೀಪ್ ಬಂದು ಮಾನಿಟರಿಗೆ ಬೆನ್ನು ಹಾಕಿ, ಆ ಒಂದು ನಿಮಿಷ ಮುಗಿಯುವವರೆಗೆ ಕಾದರು.

"ಎಷ್ಟು ಮೇಡಂ?"

"ಅರವತ್ತೊಂದು."