ಬೋರ್ಡು ಹಾಕದೆ ಮಾರಿದ ಮನೆ

ಅವಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಒಡಹುಟ್ಟಿದವಳಲ್ಲ. ನಾವು ಸಿಡ್ನಿಗೆ ಬಂದ ಹೊಸತರಲ್ಲಿ ಒಂದು ದಿನ ಎಪ್ಪಿಂಗ್ ಸ್ಟೇಷನ್ನಿನಲ್ಲಿ ನಾನು ಮಗನನ್ನು ಕನ್ನಡದಲ್ಲಿ ಗದರುತ್ತಿದ್ದೆ. ಇಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯದಲ್ಲಿ ಬಾಯಿಗೆ ಬಂದದ್ದೆಲ್ಲ ಅನ್ನುತ್ತಿದ್ದೆ. ಹಿಂದಿನಿಂದ ಯಾರೋ, "ಬಿಡ್ರೀ ಪಾಪ, ಮಗು ಅದು" ಅಂದರು. ತಿರುಗಿ ನೋಡಿದರೆ ನನಗಿಂತ ಸ್ವಲ್ಪ ದೊಡ್ಡವಳು, ಕೈಯಲ್ಲಿ ಒಂದು ಮಗು, ಹೆಗಲಿಗೆ ತರಕಾರಿ ಚೀಲ. ಮೈಸೂರಿನ ಮಾತು. ನನಗೆ ಅಳುವೇ ಬಂತು. ಆ ದಿನ ಅವಳ ಮನೆಯಲ್ಲಿ ಊಟ ಮಾಡಿ ಬಂದೆವು. ಆಮೇಲಿನ ಕಾಲು ಶತಮಾನದಲ್ಲಿ ಅವಳ ಮನೆ ಯಾವುದು, ನನ್ನ ಮನೆ ಯಾವುದು ಎಂಬುದು ನಮ್ಮ ಮಕ್ಕಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವಳ ಗಂಡನನ್ನು ನಾನು ಭಾವ ಎಂದೇ ಕರೆದೆ.

ಸಿಡ್ನಿ ಬಿಟ್ಟು ಹಳ್ಳಿಗೆ ಹೋಗೋಣ ಎಂದವಳು ಅವಳೇ. ಅಷ್ಟರಲ್ಲಿ ನಮ್ಮವರು ಸಿಡ್ನಿಯ ನಾರ್ವೆಸ್ಟ್‌ನ ಆಫೀಸಿನಿಂದ ನಿವೃತ್ತರಾಗಿದ್ದರು, ಮಗನಿಗೆ ಮದುವೆಯಾಗಿತ್ತು. ಮೆಲ್ಬರ್ನ್‌ನಿಂದ ಎರಡು ಗಂಟೆ ದೂರದಲ್ಲಿ ಒಂದು ಸಣ್ಣ ಊರು. ಭಾವ ಯಾವಾಗಲೋ ಕೆಲಸದ ಮೇಲೆ ಹೋದಾಗ ನೋಡಿ ಮೆಚ್ಚಿ ಬಂದಿದ್ದರು. ಒಂದು ಬೀದಿ, ಒಂದು ಬೇಕರಿ, ಒಂದು ಪಬ್, ಒಂದು ಅಂಚೆ ಕಚೇರಿ. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಮನೆ ಖಾಲಿ ಇವೆ ಎಂದು ಅಕ್ಕ ಫೋಟೋ ಹಿಡಿದುಕೊಂಡು ಬಂದಳು.

"ಇಲ್ಲಿ ಟ್ರಾಫಿಕ್ಕಲ್ಲಿ ಕೂತ್ಕೊಂಡು ಯಾಕೆ ಸಾಯ್ಬೇಕು? ನಾಲ್ಕು ಜನ ಒಟ್ಟಿಗೆ ಮುದುಕರಾಗೋಣ ಕಣೇ. ಒಬ್ರಿಗೆ ಹುಷಾರಿಲ್ದೇ ಇದ್ರೆ ಇನ್ನೊಬ್ರು ಗಂಜಿ ಮಾಡಿ ಕೊಟ್ರಾಯ್ತು. ಮಕ್ಕಳಿಗೆ ತೊಂದ್ರೆ ಕೊಡೋದೇ ಬೇಡ."

ನನ್ನ ಮಗ, "ಅಮ್ಮ, ಆರ್ ಯೂ ಶೂರ್?" ಎಂದು ಎರಡು ಮೂರು ಸಲ ಕೇಳಿದ. ಅಕ್ಕ ಇರುವಾಗ ಏನು ಎಂದೆ.

ಹೋದ ಮೊದಲ ವಾರವೇ ಭಾವ ನಡುವಿನ ಬೇಲಿಯ ಎರಡು ಹಲಗೆ ಕಿತ್ತು ಒಂದು ಸಣ್ಣ ಬಾಗಿಲು ಮಾಡಿದರು. ಬೆಳಿಗ್ಗೆ ಕಾಫಿ ಅವರಲ್ಲಿ, ಸಂಜೆಯದು ನಮ್ಮಲ್ಲಿ. ಚಳಿಗಾಲದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ನಿಲ್ಲುತ್ತಿತ್ತು. ಕರಿಬೇವಿನ ಕುಂಡವನ್ನು ಹಾಲ್‌ನೊಳಗೆ ಸೌದೆ ಹೀಟರಿನ ಹತ್ತಿರ ತಂದಿಡುತ್ತಿದ್ದೆ. ವಸಂತದಲ್ಲಿ ಮ್ಯಾಗ್‌ಪೈ ಹಕ್ಕಿಗಳು ತಲೆ ಕುಕ್ಕಲು ಬರುತ್ತವೆಂದು ಇಬ್ಬರೂ ಕೊಡೆ ಬಿಚ್ಚಿಕೊಂಡು ಅಂಚೆ ಕಚೇರಿಗೆ ನಡೆದು ಹೋಗುತ್ತಿದ್ದೆವು. ಊರಿನವರು ನಮ್ಮನ್ನು ಅಕ್ಕ ತಂಗಿಯರೆಂದೇ ತಿಳಿದಿದ್ದರು. ನಾವೂ ತಿದ್ದಲಿಲ್ಲ.

ಮೂರನೆಯ ವರ್ಷಕ್ಕೆ ನಮ್ಮವರ ಕಣ್ಣು ಕೆಟ್ಟಿತು. ಕಣ್ಣಿನ ಹಿಂಪದರ ಸವೆಯುವ ಕಾಯಿಲೆ. ನೋಡಿದ್ದರ ನಡುಭಾಗ ಮಸುಕು, ಅಂಚು ಮಾತ್ರ ಸ್ಪಷ್ಟ. ನನ್ನ ಮುಖ ಕಾಣಬೇಕೆಂದರೆ ಅವರು ತಲೆಯನ್ನು ಸ್ವಲ್ಪ ಓರೆ ಮಾಡಬೇಕು. ಕಾರು ಬಿಡುವುದು ನಿಂತಿತು. ಕಣ್ಣಿಗೆ ಇಂಜೆಕ್ಷನ್ ಕೊಡಿಸಲು ಆಗಾಗ ಮೆಲ್ಬರ್ನ್‌ಗೆ ಹೋಗಬೇಕಿತ್ತು. ನನಗೆ ಲೈಸೆನ್ಸ್ ಇತ್ತು, ಆದರೆ ಬೇಕರಿಯವರೆಗೆ ಹೋಗಿಬರುವಷ್ಟೇ ಧೈರ್ಯ. ಫ್ರೀವೇ ಎಂಬ ದೊಡ್ಡ ಹೆದ್ದಾರಿಯಲ್ಲಿ ಪಕ್ಕದಿಂದ ಲಾರಿ ಹಾದರೆ ಬ್ರೇಕ್ ಒತ್ತಿಬಿಡುತ್ತಿದ್ದೆ. ಪ್ರತಿ ಸಲವೂ ಅಕ್ಕನೇ ಕರೆದುಕೊಂಡು ಹೋದಳು. ಒಮ್ಮೆಯೂ ಬೇಸರ ತೋರಿಸಲಿಲ್ಲ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ಆ ವರ್ಷದ ಬೇಸಿಗೆಯಲ್ಲಿ, ಅಂದರೆ ಇಲ್ಲಿಯ ಡಿಸೆಂಬರ್ ಜನವರಿಯಲ್ಲಿ, ಭಾವ ಬೇಲಿಯ ಬಾಗಿಲಿಗೆ ಹಲಗೆ ಹೊಡೆದು ಮುಚ್ಚಿದರು. "ಹಾವು ಓಡಾಡ್ತಿದೆ ಕಣಮ್ಮ, ಬೇಸಿಗೆ ಕಳೀಲಿ, ಆಮೇಲೆ ತೆಗೀತೀನಿ" ಅಂದರು. ಹಾವು ಇದ್ದದ್ದು ನಿಜವೇ. ಬೇಕರಿಯ ಹಿಂದೆಯೇ ಒಂದನ್ನು ಹಿಡಿದಿದ್ದರು. ನಾನು ರಸ್ತೆ ಸುತ್ತಿಕೊಂಡು ಮುಂಬಾಗಿಲಿನಿಂದ ಹೋಗುವುದನ್ನು ರೂಢಿಸಿಕೊಂಡೆ.

ಅದಾಗಿ ಕೆಲವು ವಾರಗಳ ಮೇಲೆ ಅಕ್ಕ, "ಶನಿವಾರ ದೇವಸ್ಥಾನಕ್ಕೆ ಹೋಗ್ಬರೋಣ. ಎಷ್ಟು ದಿನ ಆಯ್ತು! ಹಾಗೇ ರೇಷನ್ನೂ ತರೋಣ" ಅಂದಳು. ದೇವಸ್ಥಾನವಿರುವುದು ಮೆಲ್ಬರ್ನ್‌ನ ಆಚೆ ತುದಿಯಲ್ಲಿ. ಹೋಗಿ ಬರುವುದರಲ್ಲಿ ದಿನ ಮುಗಿಯುತ್ತದೆ. ಭಾವ ಮಂಡಿನೋವು ಎಂದು ಬರಲಿಲ್ಲ. ನಮ್ಮವರು ಮುಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಕುಳಿತರು, ನಾನು ಹಿಂದೆ ಪುಳಿಯೋಗರೆ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ದಾರಿಯುದ್ದಕ್ಕೂ ಮಾತಾಡಿದವಳು ನಾನೇ. ಮುಂದಿನ ದಸರಾಕ್ಕೆ ಬೊಂಬೆ ಕೂರಿಸೋಣ, ಊರಿನ ಹೆಂಗಸರನ್ನೆಲ್ಲ ಕರೆಯೋಣ, ನಿಮ್ಮ ಹಾಲ್ ದೊಡ್ಡದು, ಅಲ್ಲೇ ಕೂರಿಸೋಣ ಎಂದೆಲ್ಲ. ಅಕ್ಕ "ಹೂಂ" ಅಂದಳು. ದೇವಸ್ಥಾನದಲ್ಲಿ ಎರಡೂ ಮನೆಯವರ ಹೆಸರು ಹೇಳಿ ಅರ್ಚನೆ ಮಾಡಿಸಿದಳು. ಅಂಗಡಿಯಲ್ಲಿ ನನ್ನ ಅಕ್ಕಿ ಚೀಲವನ್ನೂ ತಾನೇ ಡಿಕ್ಕಿಗೆ ಎತ್ತಿ ಹಾಕಿದಳು. ಒಳ್ಳೆಯ ದಿನ ಎಂದುಕೊಂಡು ಮಲಗಿದೆ.

ಮುಂದಿನ ವಾರ ಒಂದು ಬೆಳಿಗ್ಗೆ ನಾನು ಮುಂದಿನ ಗಿಡಗಳಿಗೆ ನೀರು ಹಾಕುತ್ತಿದ್ದೆ. ಮೆಲ್ಬರ್ನ್ ಕಡೆಯ ಯುವ ದಂಪತಿ ಗೇಟಿನ ಹತ್ತಿರ ಬಂದು ನಿಂತರು. ಹುಡುಗಿ ತುಂಬು ಬಸುರಿ. ತೊಂದರೆ ಕೊಡುತ್ತಿದ್ದೇವೆ, ಒಂದು ವಿಷಯ ಕೇಳಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಈ ಬೀದಿಯಲ್ಲಿ ಟ್ಯಾಂಕಿನ ಮಳೆನೀರು ಬೇಸಿಗೆ ಪೂರ್ತಿ ಬರುತ್ತದೆಯೇ? ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ. ಟ್ಯಾಂಕು ತೊಳೆಸುವವನ ವಿಷಯವನ್ನೂ ಹೇಳಿದೆ. ಆಮೇಲೆ, ಯಾವ ಮನೆ ನೋಡುತ್ತಿದ್ದೀರಿ ಎಂದು ಕೇಳಿದೆ.

ಹುಡುಗ ಪಕ್ಕದ ಮನೆಯ ಕಡೆ ಕೈ ತೋರಿಸಿದ. "ಇದೇ. ಶನಿವಾರ ಬಂದು ಒಳಗೆಲ್ಲ ನೋಡಿದ್ವಿ. ಆವತ್ತೇ ನಿಮ್ಮನ್ನೂ ಮಾತಾಡಿಸೋಣ ಅಂತಿದ್ವಿ, ನೀವು ಮನೇಲಿರಲಿಲ್ಲ. ಬಹುಶಃ ನಾವೇ ತಗೋತೀವಿ."

ಮನೆ ಮುಂದೆ ಮಾರಾಟದ ಬೋರ್ಡು ಇರಲಿಲ್ಲ. ಬೋರ್ಡು ಹಾಕದೆ, ಜಾಹೀರಾತು ಕೊಡದೆ ಏಜೆಂಟ್ ಕೈಯಲ್ಲಿ ಸದ್ದಿಲ್ಲದೆ ಮನೆ ಮಾರಿಸುವ ಪದ್ಧತಿಯೂ ಇದೆ ಎಂದು ನನಗೆ ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ತಲೆಯಲ್ಲಿ ನಿಂತದ್ದು ಶನಿವಾರ ಎಂಬ ಮಾತು ಒಂದೇ. ಪೈಪಿನಿಂದ ನೀರು ಸುರಿದು ನನ್ನ ಚಪ್ಪಲಿ ನೆನೆಯುತ್ತಿತ್ತು. ಆ ಹುಡುಗಿಯೇ ಹೋಗಿ ನಲ್ಲಿ ನಿಲ್ಲಿಸಿದಳು.

ಒಳಗೆ ಬಂದೆ. ನಮ್ಮವರು ಅಡುಗೆಮನೆಯ ಮೇಜಿನ ಹತ್ತಿರ ಕುಳಿತು ಕಿತ್ತಳೆ ಸುಲಿಯುತ್ತಿದ್ದರು.

"ಅಕ್ಕ ಮನೆ ಮಾರ್ತಿದಾಳಂತೆ" ಅಂದೆ.

ಅವರು ಕಿತ್ತಳೆಯ ನಾರು ತೆಗೆಯುತ್ತಲೇ ಇದ್ದರು.

"ರೀ, ಕೇಳಿಸ್ತಾ?"

"ಕೇಳಿಸ್ತು."

ನನ್ನ ಮುಖ ನೋಡಬೇಕಿದ್ದರೆ ಅವರು ತಲೆ ಓರೆ ಮಾಡಬೇಕಿತ್ತು. ಮಾಡಲಿಲ್ಲ. ನೇರವಾಗಿ ನನ್ನ ಕಡೆಗೇ ನೋಡಿದರು, ಅಂದರೆ ನಾನು ಕಾಣದ ಹಾಗೆ.

"ನಿಮಗೆ ಗೊತ್ತಿತ್ತು."

"ದೀಪಾವಳಿ ಹೊತ್ತಿಗೇ ನಿನ್ನ ಭಾವ ಹೇಳಿದ್ರು. ಸಿಡ್ನೀಲಿ, ಮಾರ್ಸ್ಡನ್ ಪಾರ್ಕಲ್ಲಿ ಮಗಳು ಮನೆ ಕಟ್ಟಿಸ್ತಿದಾಳೆ, ಹಿತ್ತಲಲ್ಲಿ ಇವರಿಗೆ ಅಂತ ಬೇರೆ ಒಂದು ಪುಟ್ಟ ಮನೆ, ಗ್ರ್ಯಾನಿ ಫ್ಲ್ಯಾಟು. ಎಲ್ಲ ಗಟ್ಟಿ ಆಗೋವರ್ಗೂ ಯಾರಿಗೂ ಹೇಳ್ಬೇಡ ಅಂದ್ರು."

"ಆ 'ಯಾರಿಗೂ' ಅನ್ನೋದ್ರಲ್ಲಿ ನಾನೂ ಒಬ್ಬಳಾ?"

ದೀಪಾವಳಿಗೆ ನಾವು ನಾಲ್ವರೂ ಅಕ್ಕನ ಮನೆಯ ಹಾಲ್‌ನಲ್ಲಿ ಎಲೆ ಹಾಕಿ ಊಟ ಮಾಡಿದ್ದೆವು. ನಾನು ಹೋಳಿಗೆ ಬಡಿಸುತ್ತ ಓಡಾಡಿದ್ದೆ. ಮತ್ತೆ ಆ ಶನಿವಾರ. ಕಾರು ಓಡಿಸುತ್ತಿದ್ದವಳಿಗೆ ಗೊತ್ತು, ಪಕ್ಕದಲ್ಲಿ ಕುಳಿತವರಿಗೂ ಗೊತ್ತು. ಹಿಂದಿನ ಸೀಟಿನಲ್ಲಿ ದಸರಾ ಬೊಂಬೆಯ ಮಾತಾಡುತ್ತಿದ್ದವಳಿಗೆ ಮಾತ್ರ ಗೊತ್ತಿರಲಿಲ್ಲ.

"ದೇವಸ್ಥಾನಕ್ಕೆ ಯಾಕೆ ಹೋಗಿದ್ದು ಅಂತ್ಲೂ ಗೊತ್ತಿತ್ತಾ?"

"ಗೊತ್ತಿತ್ತು" ಅಂದರು. ಕಿತ್ತಳೆಯನ್ನು ಪಕ್ಕಕ್ಕಿಟ್ಟು ಮುಂದುವರಿಸಿದರು. "ನಿಂಗೆ ಗೊತ್ತಾದ್ರೆ ಸಿಡ್ನಿಗೆ ಹೋಗೋಣ ಅಂತೀಯ. ಮಗನ ಫ್ಲ್ಯಾಟಲ್ಲಿ ಒಂದು ರೂಮಲ್ಲಿ ನಂಗೆ ಇರಕ್ಕಾಗಲ್ಲ. ಅಲ್ಲಿ ಬಾತ್‌ರೂಮು ಎಲ್ಲಿ, ಸ್ವಿಚ್ಚು ಎಲ್ಲಿ ಅಂತ ತಡಕಾಡ್ಕೊಂಡು... ಇಲ್ಲಿ ನಂಗೆ ಕಣ್ಣು ಮುಚ್ಚಿದ್ರೂ ದಾರಿ ಗೊತ್ತು."

ಅವರ ಭಯ ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ. ನನ್ನನ್ನು ಕೇಳಬಹುದಿತ್ತಲ್ಲ. ಕೇಳಿದ್ದರೆ ನಾನು ಏನೆನ್ನುತ್ತಿದ್ದೆ ಎಂಬುದನ್ನೂ ಅವರೇ ನಿರ್ಧರಿಸಿಬಿಟ್ಟಿದ್ದರು.

ಮಧ್ಯಾಹ್ನ ರಸ್ತೆ ಸುತ್ತಿಕೊಂಡು ಅಕ್ಕನ ಮನೆಗೆ ಹೋದೆ. ಅಲ್ಲಿಯವರೆಗೆ ಎಂದೂ ಒತ್ತದ ಕಾಲಿಂಗ್ ಬೆಲ್ ಒತ್ತಿದೆ. ಬಾಗಿಲು ತೆರೆದ ಅವಳು ನನ್ನ ಮುಖ ನೋಡಿದ ಕೂಡಲೇ, "ಯಾರು ಹೇಳಿದ್ರು?" ಅಂದಳು.

"ಮನೆ ಕೊಳ್ಳೋರೇ ಬಂದು ಹೇಳಿದ್ರು."

ಅವಳು ಸೋಫಾದ ಅಂಚಿನಲ್ಲಿ ಕುಳಿತಳು. ಹಾಲ್‌ನ ಅರ್ಧ ಸಾಮಾನು ಆಗಲೇ ಜಾಗ ಬದಲಿಸಿತ್ತು. ಗೋಡೆಯ ಮೇಲಿದ್ದ ನಮ್ಮ ಎರಡೂ ಮನೆಯವರ ಫೋಟೋ ಇರಲಿಲ್ಲ. ಕೊಳ್ಳಲು ಬರುವವರಿಗೆ ಮನೆ ಖಾಲಿಯಾಗಿ ಕಾಣಬೇಕಂತೆ.

"ನಿನ್ನ ಮುಖ ನೋಡ್ಕೊಂಡು ಹೇಳಕ್ಕೆ ಆಗ್ಲಿಲ್ಲ ಕಣೇ. ದಿನಾ ಹೇಳ್ಬೇಕು ಅನ್ಕೋತಿದ್ದೆ. ಮಗಳಿಗೆ ಎರಡನೇ ಮಗು ಆಯ್ತು, ಅವಳು ಕೆಲಸಕ್ಕೆ ವಾಪಸ್ ಹೋಗ್ಬೇಕು, ಅಮ್ಮಾ ಬಾ ಅಂತ ಅತ್ಲು. ನಾನೇನ್ ಮಾಡ್ಲಿ?"

"ಹೋಗ್ಬೇಡ ಅಂತ ನಾನು ಅಂತಿದ್ನಾ? ಹೋಗು ಅಂತ್ಲೇ ಅಂತಿದ್ದೆ. ದೇವರ ಹೆಸರಲ್ಲಿ ನನ್ನನ್ನ ಮನೆಯಿಂದ ಆಚೆ ಸಾಗಿಸ್ಬೇಕಿತ್ತಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಲ್ಕು ಜನ ಒಟ್ಟಿಗೆ ಮುದುಕರಾಗೋಣ ಅಂತ ಹೇಳಿದ್ದು ಯಾರು ಅಕ್ಕ?"

"ನಾನೇ ಹೇಳಿದ್ದೆ" ಅಂದಳು. "ಆಗ ನಾನು ಮುದುಕಿ ಆಗಿರ್ಲಿಲ್ಲ."

ನಾನು ಬಾಗಿಲ ಕಡೆ ತಿರುಗಿ ಹೊರಟೆ. ಅವಳು ಕಾಫಿ ಬೇಕೇ ಎಂದು ಕೇಳಿದ್ದು ಹಿಂದಿನಿಂದ ಕೇಳಿಸಿತು.

ಅವರು ಹೊರಟದ್ದು ಏಪ್ರಿಲ್‌ನಲ್ಲಿ. ಲಾರಿ ಮುಂದೆ ಹೋಯಿತು. ಕಾರಿನಲ್ಲಿ ಸಿಡ್ನಿಗೆ ಹೋಗಬೇಕೆಂದರೆ ಇಡೀ ಹಗಲು ಬೇಕು. ಬೇಡ ಬೇಡವೆಂದುಕೊಂಡೇ ಎದ್ದು ಚಿತ್ರಾನ್ನ ಕಲಸಿದೆ, ಫ್ಲಾಸ್ಕಿಗೆ ಕಾಫಿ ತುಂಬಿದೆ. ಅವರು ಹಸಿದುಕೊಂಡು ಹೋಗಲಿ ಎನ್ನುವಷ್ಟು ಗಟ್ಟಿ ಮನಸ್ಸು ನನಗೆ ಬರಲಿಲ್ಲ. ಅಕ್ಕ ನನ್ನನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ನಾನು ಅವಳ ಬೆನ್ನು ಸವರುತ್ತ ನಿಂತಿದ್ದೆ. ಬಿಟ್ಟು ಹೋಗುವವಳನ್ನು ನಾನು ಸಮಾಧಾನ ಮಾಡುತ್ತಿದ್ದೇನಲ್ಲ ಎಂಬುದೇ ಆಗ ತಲೆಯಲ್ಲಿ ಸುತ್ತುತ್ತಿತ್ತು.

ಮುಂದಿನ ಇಂಜೆಕ್ಷನ್ನಿಗೆ ನಾನೇ ಕಾರು ಓಡಿಸಿದೆ. ಊರಿನ ಬಸ್ಸು, ಆಮೇಲೆ ರೈಲು, ಅದೂ ಇತ್ತು. ಆದರೆ ಇಂಜೆಕ್ಷನ್ ಆದ ಕಣ್ಣಿನಲ್ಲಿ ಅವರನ್ನು ಎರಡು ಸಲ ಹತ್ತಿಸಿ ಇಳಿಸುವುದು ಬೇಡವೆನಿಸಿತು. ಎಡಗಡೆಯ ಲೇನಿನಲ್ಲೇ, ಎಲ್ಲರೂ ನನ್ನನ್ನು ದಾಟಿ ಹೋಗುವಷ್ಟು ನಿಧಾನವಾಗಿ ಹೋದೆ. ನಮ್ಮವರು ಪಕ್ಕದಲ್ಲಿ ಸೀಟಿನ ಅಂಚು ಹಿಡಿದು ಕುಳಿತಿದ್ದರು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಮಾತೆಂದರೆ ಇಷ್ಟೇ. ಊಟಕ್ಕೆ ಬನ್ನಿ, ಔಷಧಿ ಹಾಕ್ತೀನಿ, ಹೀಟರಿಗೆ ಸೌದೆ ಬೇಕು.

ಆಗಸ್ಟಿನಲ್ಲಿ, ಇಲ್ಲಿಯ ಚಳಿಗಾಲದ ಕೊನೆಗೆ, ಅಕ್ಕನ ಮಗಳ ಗೃಹಪ್ರವೇಶ. ಅವಳೇ ಫೋನ್ ಮಾಡಿ, "ಆಂಟಿ, ಯೂ ಹ್ಯಾವ್ ಟು ಕಮ್" ಅಂದಳು. ನಾನು ಎತ್ತಿ ಆಡಿಸಿದ ಹುಡುಗಿ. ಇಲ್ಲ ಎನ್ನಲಾಗಲಿಲ್ಲ. ಮಗನ ಮನೆಯಲ್ಲಿ ಉಳಿದು ಮಾರ್ಸ್ಡನ್ ಪಾರ್ಕಿಗೆ ಹೋದೆವು. ಒಂದರಂತೆ ಇನ್ನೊಂದು ಹೊಸ ಮನೆ, ಇನ್ನೂ ಮರ ಬೆಳೆಯದ ಬೀದಿ, ಮನೆ ತುಂಬ ಜನ. ಅಲ್ಲಿ ಅಕ್ಕ ಒಂಟಿಯಾಗಿ ಒಣಗಿ ಕೂತಿರುತ್ತಾಳೆ ಎಂದು ನಾನು ಎಲ್ಲೋ ಎಣಿಸಿದ್ದೆ ಎಂದು ಕಾಣುತ್ತದೆ. ಹಾಗೆ ಇರಲಿಲ್ಲ. ರೇಷ್ಮೆ ಸೀರೆ ಉಟ್ಟು, ಸೊಂಟದಲ್ಲಿ ಮೊಮ್ಮಗುವನ್ನು ಇಟ್ಟುಕೊಂಡು ಓಡಾಡುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ದೊಡ್ಡ ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಕೇಳಿದರೆ ಇವಳು ಕನ್ನಡದಲ್ಲಿ ಗದರುತ್ತ ನಗುತ್ತಿದ್ದಳು. ಅವಳು ಸುಖವಾಗಿದ್ದಳು. ಅದನ್ನು ನೋಡಲು ನಾನು ಸಿದ್ಧಳಾಗಿ ಹೋಗಿರಲಿಲ್ಲ.

ನನ್ನ ಕೈ ಹಿಡಿದು ಬೀಗರ ಕಡೆಯ ಹೆಂಗಸೊಬ್ಬರ ಹತ್ತಿರ ಕರೆದುಕೊಂಡು ಹೋದಳು. "ಇವ್ರು ನಮ್ಮ ಮೆಲ್ಬರ್ನ್ ಫ್ರೆಂಡು. ಅಲ್ಲಿಂದ ಬಂದಿದಾರೆ ನೋಡಿ ಪಾಪ, ಅಷ್ಟು ದೂರ."

ಎಪ್ಪಿಂಗ್‌ನ ವರ್ಷಗಳೆಲ್ಲ ಎಲ್ಲಿ ಹೋದವು? ಅವಳು ಬೇಕೆಂದು ಹೇಳಲಿಲ್ಲ, ಅದು ನನಗೆ ಗೊತ್ತು. ಬೇಕೆಂದೇ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ನಕ್ಕು ನಮಸ್ಕಾರ ಮಾಡಿದೆ. ಊಟದ ಸಾಲಿನಲ್ಲಿ ಭಾವ ನಮ್ಮವರ ತಟ್ಟೆಯಲ್ಲಿ ಯಾವುದು ಎಲ್ಲಿದೆ ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದರು. "ಬಲಗಡೆ ಕೋಸಂಬರಿ, ಈ ಕಡೆ ಪಲ್ಯ." ಆ ಇಬ್ಬರು ಗಂಡಸರ ನಡುವೆ ಏನೂ ಕೆಟ್ಟಿರಲಿಲ್ಲ. ಒಂದೇ ಗುಟ್ಟನ್ನು ನನ್ನಿಂದ ಮುಚ್ಚಿಟ್ಟವರು ಅವರು.

ಅಕ್ಕ ಈಗಲೂ ಫೋನ್ ಮಾಡುತ್ತಾಳೆ. ಇಬ್ಬನಿ ಬಿತ್ತಾ, ಬೇಕರಿ ಇನ್ನೂ ಇದೆಯಾ ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ಮನಸ್ಸಿನದ್ದನ್ನು ಹೇಳುವುದಿಲ್ಲ. ಅವಳಿಗೆ ಅದು ಗೊತ್ತಾಗಿದೆಯೋ ಇಲ್ಲವೋ ನನಗೆ ತಿಳಿಯದು.

ಸಿಡ್ನಿಯಿಂದ ವಾಪಸ್ ಬಂದ ಮೇಲೆ ಒಂದು ಬೆಳಿಗ್ಗೆ ನಮ್ಮವರು ಕಾಫಿ ಲೋಟ ಕೆಳಗಿಟ್ಟು, ತಲೆ ಓರೆ ಮಾಡಿ, ನನ್ನ ಮುಖವನ್ನು ಹುಡುಕಿ ನೋಡಿದರು.

"ನಿಂಗೆ ಸಿಡ್ನಿಗೆ ಹೋಗ್ಬೇಕು ಅನ್ನಿಸಿದ್ರೆ ಹೋಗೋಣ. ನಾನು ಹೇಗೋ ಅಭ್ಯಾಸ ಮಾಡ್ಕೋತೀನಿ. ಆವತ್ತೇ ಕೇಳ್ಬೇಕಿತ್ತು. ಈಗ ಕೇಳ್ತಿದೀನಿ."

"ಯೋಚ್ನೆ ಮಾಡಿ ಹೇಳ್ತೀನಿ" ಅಂದೆ.

ಯೋಚಿಸುವುದೇನೂ ಇರಲಿಲ್ಲ. ಮಾರ್ಸ್ಡನ್ ಪಾರ್ಕಿನಿಂದ ಹಿಂದಿರುಗುವ ದಾರಿಯಲ್ಲೇ ನನಗೆ ಗೊತ್ತಾಗಿತ್ತು. ನನಗೆ ಈ ಊರು ಹಿಡಿಸಿದೆ. ಅಕ್ಕನಿಗಾಗಿ ಬಂದವಳು ನಾನು, ಆದರೆ ಈ ಮೌನ, ಈ ಬೀದಿ, ಅಂಚೆ ಕಚೇರಿಯವಳ ಹರಟೆ, ಇವು ಯಾವಾಗಲೋ ನನ್ನವಾಗಿದ್ದವು. ಪಕ್ಕದ ಮನೆ ಕೊಂಡು ಬಂದ ಆ ಹುಡುಗಿಗೆ ಗಂಡು ಮಗು ಹುಟ್ಟಿತ್ತು. ನಮ್ಮ ಕಡೆಯ ಎಣ್ಣೆ ನೀರಿನ ವಿಷಯ ನನ್ನ ಬಾಯಲ್ಲೇ ಕೇಳಿದ್ದವಳು, ಅದು ಹೇಗೆ ತೋರಿಸಿ ಎಂದು ನನ್ನನ್ನು ಕರೆದಿದ್ದಳು.

ಇಲ್ಲೇ ಇರೋಣ ಎಂದು ಆ ಗಳಿಗೆಯಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವರು ದಿನವೂ ಕಾಫಿ ಕುಡಿಯುವಾಗ ನನ್ನ ಕಡೆ ತಲೆ ಓರೆ ಮಾಡುತ್ತಿದ್ದರು. ನಾನು ಪೇಪರ್ ಓದಿ ಹೇಳುತ್ತಿದ್ದೆ. ತಿಂಗಳುಗಟ್ಟಲೆ ನನಗೆ ತಿಳಿಸದೆ ಇದ್ದವರು ಹೀಗೆ ಒಂದಷ್ಟು ದಿನ ಕಾಯಲಿ ಎಂದು ಬಿಟ್ಟೆ.